ಹದಿನಾಲ್ಕನೆಯ ಪದವೀಧರ

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಎರಡೂ ದಡಗಳನ್ನು ಜಾಲಾಡಿದರೂ ಅಂಕಿಸಂಖ್ಯೆ ಬಲ್ಲವನು ಅಂತ ಸಿಗುವುದು ಒಬ್ಬನೇ. ಹೆಸರು ಚೆಲುವರಾಜು, ಊರು ಮಂಡ್ಯ, ಅಂದರೆ ನಾನು. ಮೆನ್ಲೋ ಪಾರ್ಕಿನ ಗಾಜಿನ ಆಫೀಸುಗಳಲ್ಲಿ ಕೂತು, ಪ್ರಪಂಚದ ಜನ ಫೋನಿನ ಮೇಲೆ ಎಲ್ಲೆಲ್ಲಿ ಬೆರಳಿಡುತ್ತಾರೆ ಎಂದು ಎಣಿಸುವ ಮಹಾನುಭಾವರೂ ನನ್ನ ಒಂದು ಕೋಷ್ಟಕ ಕಂಡರೆ ಎದ್ದು ನಿಂತು ಶೂ ಬಿಚ್ಚುತ್ತಾರೆ. ಬಿಚ್ಚಿದ್ದನ್ನು ನಾನು ಕಣ್ಣಾರೆ ಕಂಡಿಲ್ಲ. ಆದರೆ ಬಿಚ್ಚದೆ ಇರಲು ಕಾರಣವೇ ಇಲ್ಲ.

ನನ್ನ ಆಫೀಸಿರುವುದು ನೆವಾರ್ಕಿನ ಅಂಚಿಗೆ, ಉಪ್ಪಿನ ಕೊಳಗಳ ಪಕ್ಕದ ಸಾಲ್ಟ್ ಮಾರ್ಷ್ ಕಮ್ಯುನಿಟಿ ಕಾಲೇಜಿನಲ್ಲಿ. ಎರಡು ವರ್ಷದ ಕಾಲೇಜು, ಬೇರೆಲ್ಲೂ ಸೀಟು ಸಿಗದವರಿಗೂ ಬಾಗಿಲು ತೆರೆದಿರುತ್ತದೆ. ಇಲ್ಲಿ ಓದಿ, ಬೇಕೆಂದರೆ ಇಲ್ಲಿಯದೇ ಎರಡು ವರ್ಷದ ಪದವಿ ತೆಗೆದುಕೊಳ್ಳಬಹುದು. ಬೇಡವೆಂದರೆ ಹಾಗೇ ದೊಡ್ಡ ಯೂನಿವರ್ಸಿಟಿಯ ಮೂರನೆಯ ವರ್ಷಕ್ಕೆ ಹಾರಬಹುದು. ಎಷ್ಟು ಜನ ಪದವಿ ಪಡೆದರು, ಎಷ್ಟು ಜನ ಹಾರಿದರು, ಎಷ್ಟು ಜನ ಎರಡೂ ಇಲ್ಲದೆ ಮಾಯವಾದರು ಎಂದು ಲೆಕ್ಕ ಹಾಕಿ ವರದಿ ಬರೆಯುವುದು ನನ್ನ ಕೆಲಸ. ಇಂಟರ್‌ವ್ಯೂನಲ್ಲಿ ಕಾಲೇಜಿನ ಅಧ್ಯಕ್ಷೆ ಅನುಭವ ಇದೆಯೇ ಎಂದು ಕೇಳಿದ್ದರು. ನಮ್ಮೂರ ಸಕ್ಕರೆ ಕಾರ್ಖಾನೆಗೆ ಎಷ್ಟು ಟನ್ ಕಬ್ಬು ಹೋಯಿತು, ಎಷ್ಟು ಸಕ್ಕರೆ ಬಂತು ಎಂದು ತೊಟ್ಟಿಲಲ್ಲಿ ಮಲಗಿಕೊಂಡೇ ಹೇಳುತ್ತಿದ್ದೆ ಎಂದೆ. ಅವರು ನಕ್ಕರು. ನಾನು ನಗಲಿಲ್ಲ. ಕೆಲಸ ಸಿಕ್ಕಿತು.

ಕಾಲೇಜಿನ ಹಿಂಭಾಗದಲ್ಲಿ, ಪಾರ್ಕಿಂಗ್ ಲಾಟಿನ ಕೊನೆಗೆ, ಒಂದು ಹಳೆಯ ಟ್ರೇಲರ್, ಅಂದರೆ ಚಕ್ರದ ಮೇಲಿನ ತಗಡಿನ ಕೋಣೆ, ಇದೆ. ಅದರೊಳಗೆ ಮೈಸೂರಿನ ಹಂಸಾ ಮೇಡಂ ಗಣಿತದ ಸಹಾಯ ಕೇಂದ್ರ ನಡೆಸುತ್ತಾರೆ. ಲೆಕ್ಕ ಎಂದರೆ ಕೈಕಾಲು ನಡುಗುವ ಹುಡುಗ ಹುಡುಗಿಯರು ಅಲ್ಲಿಗೆ ಬಂದು ಸ್ಟೂಲಿನ ಮೇಲೆ ಕೂತುಕೊಳ್ಳುತ್ತಾರೆ, ಹಂಸಾ ಮೇಡಂ ಎದುರಿಗೆ ಇನ್ನೊಂದು ಸ್ಟೂಲು ಎಳೆದುಕೊಳ್ಳುತ್ತಾರೆ. ಇಷ್ಟೇ ಆ ಕೇಂದ್ರ. ಆದರೂ ಹೇಳುತ್ತೇನೆ, ಆ ಟ್ರೇಲರ್ ಹೊಕ್ಕರೆ ಕಲ್ಲಿಗೂ ಕ್ಯಾಲ್ಕುಲಸ್ ಬರುತ್ತದೆ.

ಅದಕ್ಕೆ ದುಡ್ಡು ಕೊಡುವ ಟ್ರಸ್ಟಿನವರದು ಒಂದೇ ಕರಾರು. ಒಂದು ಬ್ಯಾಚಿಗೆ ನಲವತ್ತು ಮಕ್ಕಳು. ಸೇರಿದ ಮೂರು ವರ್ಷದೊಳಗೆ ಅವರಲ್ಲಿ ಹದಿನಾಲ್ಕು ಮಂದಿಯಾದರೂ ನಮ್ಮ ಕಾಲೇಜಿನ ಪದವಿ ಪಡೆದಿರಬೇಕು, ಇಲ್ಲವಾದರೆ ದುಡ್ಡು ನಿಲ್ಲುತ್ತದೆ. ಪದವಿ ತೆಗೆದುಕೊಳ್ಳದೆ ಯೂನಿವರ್ಸಿಟಿಗೆ ಹಾರಿದವನು ಅವರ ಲೆಕ್ಕದಲ್ಲಿ ಓದು ಬಿಟ್ಟವನು. ಅವನು ಹಾರಿ ಚಂದ್ರನ ಮೇಲೆ ಇಳಿದರೂ ಸೊನ್ನೆಯೇ. ಈ ನಿಯಮ ತಪ್ಪು ಎಂದು ನಾನು ಅವರಿಗೆ ಎಂಥ ಕಾಗದ ಬರೆದೆ ಎಂದರೆ, ಓದಿದವರು ಮೂರು ದಿನ ಊಟ ಬಿಟ್ಟಿರಬೇಕು. ಉತ್ತರ ಮಾತ್ರ ಎರಡೇ ಸಾಲು ಬಂತು: ನಿಯಮ ಬದಲಾಗುವುದಿಲ್ಲ, ಶುಕ್ರವಾರ ಕೊನೆಯ ದಿನ.

ನಮ್ಮ ಹತ್ತಿರ ಇದ್ದವರು ಹದಿಮೂರು.

ಹದಿನಾಲ್ಕನೆಯವನು ಯಾರಾಗಬಹುದು ಎಂದು ಹುಡುಕಿದೆ. ಒಬ್ಬನೇ ಸಿಕ್ಕ. ಎಲ್ಲ ಪೇಪರು ಪಾಸಾಗಿ, ಪದವಿಗೆ ಬೇಕಾದ್ದೆಲ್ಲ ಮುಗಿಸಿ, "ಕೊಡಿ" ಎಂದು ಅರ್ಜಿ ಹಾಕುವುದೊಂದನ್ನು ಬಿಟ್ಟು ಹೋದವನು. ಸುಜಯ್. ಮಿಲ್ಪಿಟಾಸಿನ ರಘೋತ್ತಮರ ಮಗ. ಹೋದ ವರ್ಷ ದೊಡ್ಡ ಯೂನಿವರ್ಸಿಟಿಗೆ ಹಾರಿದ ಹುಡುಗ. ನನ್ನ ವಾರ್ಷಿಕ ವರದಿಯಲ್ಲಿ ಟ್ರಾನ್ಸ್‌ಫರ್ ದರದ, ಅಂದರೆ ಹಾರಿದವರ ಲೆಕ್ಕದ, ಗೋಪುರ ಏರಿಸಿದ್ದೆನಲ್ಲ, ಅದರ ಮೇಲೆ ಬೆಳಗುವ ದೀಪವೇ ಅವನು.

ಅರ್ಜಿ ಯಾಕೆ ಹಾಕಿರಲಿಲ್ಲ ಎನ್ನುವುದು ಬೇರೆಯವರಿಗೆ ಒಗಟು, ನನಗಲ್ಲ. ನಮ್ಮ ಕಾಲೇಜಿನಲ್ಲಿ ಓದುವ ಕನ್ನಡದ ಮನೆಗಳ ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಸಾಲು ಫ್ರೀವೇ ದಾಟಿ ಮಿಲ್ಪಿಟಾಸಿನ ಇಂಡಿಯನ್ ಮಾಲಿನ ದೋಸೆ ಅಂಗಡಿಗೆ ಮುಟ್ಟುತ್ತದೆ. ಆದರೆ ಅದೇ ದೋಸೆ ಅಂಗಡಿಯಲ್ಲಿ ನಿಂತು ಯಾವ ಅಪ್ಪ ಅಮ್ಮನನ್ನು ಕೇಳಿದರೂ, ಮಗ "ಪ್ರಿಪೇರ್ ಆಗ್ತಿದಾನೆ", ಮಗಳು "ಗ್ಯಾಪ್ ತಗೊಂಡಿದಾಳೆ". ಹಾರಿದ ಮೇಲೆ ಯೂನಿವರ್ಸಿಟಿಯ ಹೆಸರಿನ ಟೀ ಶರ್ಟು ಇಡೀ ಮನೆಗೆ ಬರುತ್ತದೆ, ಹಿಂದಿನ ಎರಡು ವರ್ಷ ನಡೆದೇ ಇಲ್ಲ ಎನ್ನುವ ಹಾಗೆ. ನಮ್ಮ ಪದವಿ ತೆಗೆದುಕೊಂಡರೆ ಅದು ನಡೆದಿತ್ತು ಎಂದು ಕಾಗದ ಹೇಳಿಬಿಡುತ್ತದಲ್ಲ? ಅದಕ್ಕೇ ಯಾರೂ ಮುಟ್ಟುವುದಿಲ್ಲ. ಕೈಗೆ ಬಂದ ಪದವಿಯನ್ನು ಮಾನಕ್ಕೆ ಹೆದರಿ ಬೇಡ ಎನ್ನುವ ಜಾತಿ ಭೂಮಿಯ ಮೇಲೆ ನಮ್ಮದೊಂದೇ ಇರಬೇಕು.

ಮಂಗಳವಾರ ಬೆಳಿಗ್ಗೆ ಹಂಸಾ ಮೇಡಮ್ಮಿಗೆ ಈ ಶುಭವಾರ್ತೆ ಹೇಳಲು ಟ್ರೇಲರಿಗೆ ಹೋದೆ. ಬಾಗಿಲು ತೆಗೆದರೆ ಸ್ಟೂಲಿನ ಮೇಲೆ ಸುಜಯನೇ ಕೂತಿದ್ದ. ಎದುರಿಗೆ ಇಬ್ಬರು ವಿದ್ಯಾರ್ಥಿನಿಯರು, ಮುಂದೆ ವೈಟ್‌ಬೋರ್ಡು. ಅವನು ಹೇಳಿಕೊಡುತ್ತಿದ್ದ.

"ಏನಪ್ಪಾ, ಯೂನಿವರ್ಸಿಟಿ ಇಲ್ಲಿಗೇ ಎದ್ದು ಬಂತಾ?" ಎಂದೆ.

"ಹಾಯ್ ಅಂಕಲ್. ಟುಡೇ ನೋ ಕ್ಲಾಸ್," ಎಂದ. ಬೋರ್ಡಿನಿಂದ ಮುಖ ತಿರುಗಿಸಲಿಲ್ಲ.

ಹಂಸಾ ಮೇಡಂ ನನ್ನನ್ನು ಹೊರಗೆ ಕರೆದುಕೊಂಡು ಬಂದರು.

"ಹದಿನಾಲ್ಕನೇವನು ಒಳಗೇ ಕೂತಿದಾನೆ ಮೇಡಂ!" ಎಂದೆ. "ಫೋನಲ್ಲಿ ಒಂದು ಬಟನ್ ಒತ್ತಿದ್ರೆ ಮುಗೀತು. ನೀವು ಹೇಳಿ, ನಿಮ್ಮ ಮಾತು ತೆಗೆದುಹಾಕಲ್ಲ ಅವನು."

"ನಾನು ಕೇಳಲ್ಲ."

"ಯಾಕ್ರೀ?"

"ನನ್ನ ಕೆಲಸ ಉಳೀಲಿ ಅಂತ ಮಗು ಹತ್ರ ಹೋಗಿ ಕೇಳ್ಲಾ? ಅವನಿಗೆ ಅವನದ್ದೇ ಸಾಕಾಗಿದೆ."

"ಏನು ಸಾಕಾಗಿದೆ?"

ಉಪ್ಪಿನ ಕೊಳಗಳ ಕಡೆಯಿಂದ ಗಾಳಿ ಬೀಸುತ್ತಿತ್ತು. ಅವರು ಸೀರೆಯ ಮೇಲೆ ಹಾಕಿಕೊಂಡಿದ್ದ ಜಾಕೆಟ್ಟಿನ ಜಿಪ್ಪು ಎಳೆದುಕೊಂಡು, "ಅವನನ್ನೇ ಕೇಳಿ. ಹೇಳಿದ್ರೆ ಹೇಳ್ತಾನೆ," ಎಂದು ಒಳಗೆ ಹೋದರು.

ನಾನು ಬಾಯಿ ಬಿಡಿಸದ ಮನುಷ್ಯ ಈ ಕೌಂಟಿಯಲ್ಲಿಲ್ಲ. ಆದರೆ ಸುಜಯನ ವಿಷಯದಲ್ಲಿ ಆ ವಿದ್ಯೆ ಬೇಕಾಗಲೇ ಇಲ್ಲ. ಊಟದ ಹೊತ್ತಿಗೆ ಟ್ರೇಲರಿನ ಮೆಟ್ಟಿಲ ಮೇಲೆ ಅವನ ಪಕ್ಕ ಕೂತೆ. ಮನೆಯ ಡಬ್ಬಿಯಿಂದ ತೆಗೆದ ಸ್ಯಾಂಡ್‌ವಿಚ್ಚಿನ ಕಾಗದ ಬಿಚ್ಚುತ್ತಾ ತಾನಾಗಿಯೇ ಹೇಳಿದ.

"ಅಂಕಲ್, ಐ ಡ್ರಾಪ್ಡ್ ಔಟ್. ಜನವರೀಲಿ."

ನಾನು ಅವನ ಕಡೆಗೆ ತಿರುಗಿ ಕೂತೆ.

"ಅಲ್ಲಿ ಕ್ಲಾಸಲ್ಲಿ ಫೈವ್ ಹಂಡ್ರೆಡ್ ಜನ ಅಂಕಲ್. ಪ್ರೊಫೆಸರ್ ಸ್ಟೇಜ್ ಮೇಲೆ ಇಷ್ಟೇ ಕಾಣ್ತಾರೆ. ಫಸ್ಟ್ ಟರ್ಮ್ ಎರಡು ಪೇಪರ್ ಹೋಯ್ತು. ಡೌಟ್ ಕೇಳೋಕೆ... ಐ ಡೋಂಟ್ ನೋ, ಎಲ್ಲರಿಗೂ ಗೊತ್ತಿತ್ತು, ನಂಗೆ ಮಾತ್ರ ಗೊತ್ತಿಲ್ಲ ಅನ್ನೋ ಥರ."

"ಮನೇಲಿ?"

"ಹೇಳಿಲ್ಲ. ಬೆಳಿಗ್ಗೆ ಅಪ್ಪ ಮಿಲ್ಪಿಟಾಸ್ ಸ್ಟೇಷನ್ನಲ್ಲಿ ಬಿಡ್ತಾರೆ. ಯೂನಿವರ್ಸಿಟಿ ಕಡೆ ಹೋಗೋ ಟ್ರೈನ್ ಹತ್ತಿ ದಾರೀಲೇ ಫ್ರೀಮಾಂಟಲ್ಲಿ ಇಳೀತೀನಿ. ಬಸ್ ಹಿಡಿದು ಇಲ್ಲಿಗೆ ಬರ್ತೀನಿ. ಸಾಯಂಕಾಲ ವಾಪಸ್."

"ಫೀಸು?"

"ರೀಫಂಡ್ ಬಂದಿದೆ. ನನ್ನ ಅಕೌಂಟಲ್ಲೇ ಇದೆ. ಐ ಡಿಡ್ನ್ಟ್ ಟಚ್ ಇಟ್."

ನನ್ನ ವರದಿ ನೆನಪಾಯಿತು. ಟ್ರಾನ್ಸ್‌ಫರ್ ಲೆಕ್ಕದ ನಿಯಮ ಸುಲಭ: ಒಮ್ಮೆ ಯೂನಿವರ್ಸಿಟಿಯಲ್ಲಿ ಹೆಸರು ದಾಖಲಾದರೆ ಸಾಕು, ಅವನು ಯಶಸ್ವಿ. ಮರುದಿನ ಬಿಟ್ಟರೂ ಯಶಸ್ವಿ, ಅತ್ತುಕೊಂಡು ಬಂದರೂ ಯಶಸ್ವಿ. ನಾನು ರಂಗುರಂಗಾಗಿ ಬರೆದ ನಕ್ಷೆಯ ಕಂಬಗಳಲ್ಲಿ ಒಂದು ಗೆರೆಯಷ್ಟು ಎತ್ತರ ಈ ಹುಡುಗನದು. ಅವನು ಇಲ್ಲಿ ಕೂತು ಒಣ ಬ್ರೆಡ್ಡು ತಿನ್ನುತ್ತಿದ್ದ.

"ನೋಡು ಸುಜಯ್," ಎಂದೆ. "ಇಲ್ಲಿಯ ಪದವಿ ನಿಂದೇ. ನೀನು ಓದಿ ಗಳಿಸಿದ್ದು. ಅಲ್ಲಿ ಏನಾದ್ರೂ ಆಗ್ಲಿ, ಇದನ್ನ ಯಾರೂ ಕಿತ್ಕೊಳೋಕಾಗಲ್ಲ. ಅಪ್ಲೈ ಮಾಡು. ನಾಳೆ ಇನ್ನೊಂದು ಕಡೆ ಸೇರೋಕೂ ಕೈಯಲ್ಲಿ ಒಂದು ಕಾಗದ ಇರುತ್ತೆ."

"ಡಿಗ್ರಿ ಸರ್ಟಿಫಿಕೇಟ್ ಮನೆಗೆ ಪೋಸ್ಟಲ್ಲಿ ಬರುತ್ತೆ. ಅಮ್ಮ ದಿನಾ ಮೇಲ್ ತೆಗೀತಾಳೆ. ಯಾಕೆ ಈಗ ಇದನ್ನ ತಗೊಂಡೆ ಅಂತ ಕೇಳ್ತಾಳೆ. ಆಮೇಲೆ ಎಲ್ಲಾ ಹೊರಗೆ ಬರುತ್ತೆ." ಟ್ರೇಲರಿನ ಬಾಗಿಲ ಕಡೆ ತಿರುಗಿ, "ಹಂಸಾ ಆಂಟಿ ಸೆಂಟರ್ ಕ್ಲೋಸ್ ಆಗುತ್ತಾ?" ಎಂದು ಕೇಳಿದ.

"ಯಾರು ಹೇಳಿದ್ರು?"

"ಟ್ರೇಲರ್ ಗೋಡೆ ತುಂಬಾ ತೆಳು, ಅಂಕಲ್."

ನಾನು ಸುಳ್ಳು ಹೇಳಬಹುದಿತ್ತು. ಹೌದು ಎಂದೆ.

ಅವನು ಉಳಿದ ಸ್ಯಾಂಡ್‌ವಿಚ್ಚನ್ನು ಮತ್ತೆ ಕಾಗದದಲ್ಲಿ ಸುತ್ತಿದ. "ಗುರುವಾರ ಸಾಯಂಕಾಲ ಮನೆಗೆ ಬನ್ನಿ. ಒಬ್ಬನೇ ಇದ್ರೆ ನಂಗೆ ಹೇಳೋಕಾಗಲ್ಲ."

ಗುರುವಾರ ಹೋದೆ. ರಘೋತ್ತಮರ ಟೌನ್‌ಹೌಸಿನ ಬಾಗಿಲಲ್ಲಿ ರಂಗೋಲಿಯ ಸ್ಟಿಕ್ಕರು, ಒಳಗೆ ಒಗ್ಗರಣೆಯ ಘಮ. ಅವರ ಹೆಂಡತಿ ಮೈಥಿಲಿಯವರು ಅವಲಕ್ಕಿ, ಕಾಫಿ ತಂದಿಟ್ಟರು. ರಘೋತ್ತಮರು ಚಿಪ್ ಕಂಪನಿಯಲ್ಲಿ ದೊಡ್ಡ ಎಂಜಿನಿಯರು. ಬಡಾಯಿಯಲ್ಲಿ ನನ್ನೆದುರು ನಿಲ್ಲುವ ಗಂಡು ಕೊಲ್ಲಿಯ ಸುತ್ತ ಯಾರಾದರೂ ಇದ್ದರೆ ಅವರೊಬ್ಬರೇ, ಅದೂ ಮಗನ ವಿಷಯಕ್ಕೆ ಮಾತ್ರ.

"ನಿಮ್ಮ ಕಾಲೇಜು ಹೆಂಗಿದೆ ಚೆಲುವರಾಜ್? ಇನ್ನೂ ಮಕ್ಕಳನ್ನ ಎಣಿಸ್ತಾನೇ ಇದೀರಾ?"

"ಎಣಿಸ್ತಾನೇ ಇದೀನಿ ಸರ್."

"ನಮ್ಮ ಸುಜಯ್‌ಗೆ ಪ್ರೊಫೆಸರೊಬ್ಬರು ಅವರ ಲ್ಯಾಬಿಗೇ ಬಾ ಅಂತಿದಾರಂತೆ. ಇವನೇ ಯೋಚನೆ ಮಾಡ್ತೀನಿ ಅಂದಿದಾನಂತೆ. ಅಲ್ವೇನೋ?"

ಬೇರೆ ದಿನವಾಗಿದ್ದರೆ ಈ ಮಾತಿಗೆ ನಾನು ಒಂದಕ್ಕೆ ಹತ್ತು ಸೇರಿಸಿ ಪ್ರೊಫೆಸರನ್ನೇ ಇವರ ಮನೆ ಬಾಗಿಲಲ್ಲಿ ಕಾಯಿಸುತ್ತಿದ್ದೆ. ಅವತ್ತು ಅವಲಕ್ಕಿಯಲ್ಲಿ ಕಡಲೆಬೀಜ ಹುಡುಕುತ್ತಾ ಕೂತೆ. ವಿದ್ಯಾರ್ಥಿಯ ವಿಷಯವನ್ನು ಅವನ ಅಪ್ಪ ಅಮ್ಮನಿಗೂ ನಾನು ಹೇಳುವಂತಿಲ್ಲ, ಅದು ಇಲ್ಲಿಯ ಕಾನೂನು. ಕಾನೂನಿಲ್ಲದಿದ್ದರೂ ಹೇಳುವ ಧೈರ್ಯ ನನಗಿತ್ತೋ ಇಲ್ಲವೋ.

ಸುಜಯ್ ಎದ್ದು ನಿಂತ. ಶಾಲೆಯಲ್ಲಿ ಪ್ರಾರ್ಥನೆಗೆ ನಿಂತ ಹಾಗೆ ಎರಡೂ ಕೈ ಪಕ್ಕಕ್ಕೆ ಇಳಿಬಿಟ್ಟಿದ್ದ. ಆ ಮನೆಯಲ್ಲಿ ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗ, ಅವತ್ತು ಯಾಕೋ ಕನ್ನಡದಲ್ಲೇ ಹೇಳಿದ.

"ಅಪ್ಪಾ, ಲ್ಯಾಬ್ ಇಲ್ಲ. ನಾನು ಅಲ್ಲಿ ಓದ್ತಾ ಇಲ್ಲ. ಜನವರಿಯಿಂದ ಇಲ್ಲ."

ಮೈಥಿಲಿಯವರು ಮಗನ ಮುಖ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. "ದಿನಾ ಡಬ್ಬಿ ಕಟ್ಟಿ ಕೊಡ್ತಿದ್ನಲ್ಲೋ," ಎಂದರು.

"ತಿಂತಿದ್ದೆ ಅಮ್ಮಾ."

ರಘೋತ್ತಮರು ಕಾಫಿ ಲೋಟವನ್ನು ಟೇಬಲ್ಲಿನ ಮೇಲೆ ಇಡಲು ಹೋದರು. ಟೇಬಲ್ಲು ಸಿಗದೆ ಮತ್ತೆ ಕೈಯಲ್ಲೇ ಹಿಡಿದುಕೊಂಡರು. ಸುಜಯ್ ಉಳಿದದ್ದನ್ನೂ ಹೇಳಿದ. ಎರಡು ಪೇಪರು, ಟ್ರೇಲರು, ರೀಫಂಡು, ನಾಳೆಯೊಳಗೆ ಹಾಕಬೇಕಾದ ಅರ್ಜಿ. ಗಡಿಯಾರ ಟಕಟಕ ಎನ್ನುತ್ತಿತ್ತು ಎನ್ನೋಣವೆಂದರೆ ಆ ಮನೆಯಲ್ಲಿ ಗಡಿಯಾರವೇ ಇಲ್ಲ. ಫ್ರಿಜ್ಜು ಗುರ್ ಎನ್ನುತ್ತಿತ್ತು.

ರಘೋತ್ತಮರು ನನ್ನ ಕಡೆ ತಿರುಗಿದರು.

"ನಿಮ್ಮ ಲೆಕ್ಕದಲ್ಲಿ ಇವನು ಪಾಸೋ ಫೇಲೋ?"

ಕಾನೂನು ಅಡ್ಡ ಬಂತು. ಸುಜಯನ ಕಡೆ ನೋಡಿದೆ. ಹೇಳಿ ಎನ್ನುವಂತೆ ತಲೆಯಾಡಿಸಿದ.

"ಟ್ರಾನ್ಸ್‌ಫರ್ ಲೆಕ್ಕದಲ್ಲಿ ಪಾಸು ಸರ್. ಅರ್ಜಿ ಹಾಕಿದ್ರೆ ಪದವಿ ಲೆಕ್ಕದಲ್ಲೂ ಪಾಸು."

"ಎರಡರಲ್ಲೂ ಪಾಸು."

"ಹೌದು ಸರ್."

"ಹಾಗಾದ್ರೆ ಇವನು ಯಾಕೆ ಹೀಗೆ ನಿಂತಿದಾನೆ?"

ಮಂಡ್ಯದಿಂದ ಕ್ಯಾಲಿಫೋರ್ನಿಯಾದವರೆಗೆ ನಾನು ಉತ್ತರ ಕೊಡದ ಪ್ರಶ್ನೆಯಿಲ್ಲ. ಇದಕ್ಕೆ ಮಾತ್ರ ಅವಲಕ್ಕಿಯ ತಟ್ಟೆ ಕೆಳಗಿಟ್ಟೆ.

ಸುಜಯ್ ಜೇಬಿನಿಂದ ಫೋನು ತೆಗೆದ. ಅವನು ಒಂದೊಂದೇ ಪುಟ ತುಂಬುತ್ತಿದ್ದದ್ದು ನಮ್ಮೆಲ್ಲರಿಗೂ ಕಾಣುತ್ತಿತ್ತು. ತಡೆಯುತ್ತಾರೇನೋ ಎಂದು ನಾನು ರಘೋತ್ತಮರನ್ನೇ ನೋಡುತ್ತಿದ್ದೆ. ಅವರು ತಡೆಯಲಿಲ್ಲ. ಮಗನ ಬೆರಳು ನಿಂತಾಗ ಮಾತ್ರ ತಲೆಯೆತ್ತಿದರು.

"ಏನು ಕೇಳ್ತಿದೆ ಅದು?"

"ಅಡ್ರೆಸ್. ಎಲ್ಲಿಗೆ ಕಳಿಸಬೇಕು ಅಂತ."

"ಈ ಮನೆಗೆ ಬೇಡ," ಎಂದರು ರಘೋತ್ತಮರು. ದನಿ ಏರಲಿಲ್ಲ. "ಪಕ್ಕದ ಮನೆಯವರ ಮೇಲ್‌ಬಾಕ್ಸೂ ನಮ್ಮದೂ ಒಟ್ಟಿಗೇ ಇದೆ. ಚೆಲುವರಾಜ್, ನಿಮ್ಮ ಮನೆ ಅಡ್ರೆಸ್ ಹೇಳಿ."

ಹೇಳಿದೆ. ಸುಜಯ್ ನನ್ನ ಅಪಾರ್ಟ್‌ಮೆಂಟಿನ ನಂಬರು ಒತ್ತಿ, ಕೊನೆಯ ಗುಂಡಿಯನ್ನೂ ಒತ್ತಿದ. ರಘೋತ್ತಮರು ಲೋಟ ಹಿಡಿದುಕೊಂಡೇ ಮಹಡಿ ಹತ್ತಿ ಹೋದರು. ಮೈಥಿಲಿಯವರು ನನಗೆ, "ಊಟ ಮಾಡ್ಕೊಂಡು ಹೋಗಿ," ಎಂದರು. ಎಂದವರು ಅಡುಗೆಮನೆಗೆ ಹೋಗದೆ ಮಗನ ಪಕ್ಕ ಸೋಫಾದ ಮೇಲೆ ಕೂತು ಅವನ ಬೆನ್ನ ಮೇಲೆ ಕೈ ಇಟ್ಟರು. ಊಟ ಮಾಡುವುದು ಹೇಗೆ? ಚಪ್ಪಲಿ ಹಾಕಿಕೊಂಡು ಹೊರಟೆ.

ಟ್ರಸ್ಟಿನವರು ಒಪ್ಪಿದರು. ಹಂಸಾ ಮೇಡಮ್ಮಿನ ಟ್ರೇಲರಿಗೆ ಇನ್ನೂ ಮೂರು ವರ್ಷ ಬೀಗ ಬೀಳುವುದಿಲ್ಲ. ಸುದ್ದಿ ಹೇಳಿದಾಗ ಅವರು ಕುಣಿಯಲಿಲ್ಲ. "ಹುಡುಗ ಮನೇಲಿ ಊಟ ಮಾಡ್ತಿದಾನಾ?" ಎಂದು ಕೇಳಿದರು. ಈಗ ಅವನು ಫ್ರೀಮಾಂಟ್ ಸುತ್ತಿಕೊಂಡು ಬರುವುದಿಲ್ಲ. ಮೈಥಿಲಿಯವರೇ ಕಾರಿನಲ್ಲಿ ತಂದು ಪಾರ್ಕಿಂಗ್ ಲಾಟಿನಲ್ಲಿ ಇಳಿಸಿ ಹೋಗುತ್ತಾರೆ. ಅಪ್ಪ ಮಗನಿಗೆ ಮಾತು ಬಹಳ ಕಡಿಮೆಯಂತೆ.

ಬೇಸಿಗೆಯ ಕೊನೆಗೆ ದಪ್ಪ ರಟ್ಟಿನ ಲಕೋಟೆಯೊಂದು ನಮ್ಮ ಮನೆಗೆ ಬಂತು. ಬಗ್ಗಿಸಬೇಡಿ ಎಂದು ಮೇಲೆ ಅಚ್ಚು ಹಾಕಿತ್ತು. ನನ್ನ ಹೆಂಡತಿ ನವ್ಯಾ, "ಯಾರದ್ರೀ ಇದು?" ಎಂದಳು. ಅಷ್ಟು ಸಣ್ಣ ಪ್ರಶ್ನೆಗೆ ನಾನು ಮೊದಲಾದರೆ ಒಂದು ಪುರಾಣ ಹೇಳುತ್ತಿದ್ದೆ. "ಒಬ್ಬ ಹುಡುಗಂದು" ಎಂದಷ್ಟೇ ಹೇಳಿ ಬೀರುವಿನಲ್ಲಿ ಬಟ್ಟೆಗಳ ಮೇಲೆ ನೆಟ್ಟಗೆ ಮಲಗಿಸಿದೆ. ಸುಜಯನಿಗೆ ಫೋನು ಮಾಡಿದೆ.

"ಅಲ್ಲೇ ಇರಲಿ ಅಂಕಲ್," ಎಂದ. "ಎಲ್ಲಿದೆ ಅದು ಅಂತ ಅಪ್ಪ ಒಂದಿನ ಕೇಳ್ತಾರಲ್ಲ, ಅವತ್ತು ಬಂದು ತಗೊಂಡ್ಹೋಗ್ತೀನಿ."

ರಘೋತ್ತಮರು ಇನ್ನೂ ಕೇಳಿಲ್ಲ.