ಕೆಂಪು ಬಳಿದ ಬಸವನಹುಳುಗಳು

ಮನೆಯಲ್ಲೂ ತರಗತಿಯಲ್ಲೂ ಅವಳಿಗೆ ಗಡಿಬಿಡಿ ಎಂದೇ ಹೆಸರು. ಎರಡನೇ ಚಪ್ಪಲಿ ಕಾಲಿಗೆ ಸೇರುವ ಮೊದಲೇ ಬಾಗಿಲು ದಾಟುವ ಹುಡುಗಿ. ಅಂಥವಳಿಗೆ ಜೀವಶಾಸ್ತ್ರದ ಮೇಡಂ ಬಸವನಹುಳು ಎಣಿಸುವ ಕೆಲಸ ಒಪ್ಪಿಸಿದರು ಅಂದರೆ ನೋಡಿ!

ಕಾಲೇಜಿನ ಹಿಂದಿನ ಗೋಡೆಯ ಬುಡದಲ್ಲಿ ಅವು ತಂಪಾಗಿ ಬದುಕಿಕೊಂಡಿದ್ದವು. ಗಿಡದ ಎಲೆಯೆಲ್ಲ ತೂತು ಮಾಡುತ್ತವೆ ಎಂದು ಮಾಲಿಯಣ್ಣ ವಿಷದ ಗುಳಿಗೆ ಹಾಕಲು ತುದಿಗಾಲಲ್ಲಿ ನಿಂತಿದ್ದ. ಮೇಡಂ ತಡೆದಿದ್ದರು. "ಎಷ್ಟಿವೆ ಅಂತ ಮೊದಲು ನೋಡೋಣ. ಕಮ್ಮಿ ಇದ್ರೆ ಮುಟ್ಟಬೇಡಿ. ವಿಪರೀತ ಇದ್ರೆ ಹಾಕಿ, ನಾನು ಅಡ್ಡ ಬರಲ್ಲ."

ಎಲ್ಲವನ್ನೂ ಹಿಡಿದು ಎಣಿಸುವುದು ಆಗದ ಮಾತು. ಅದಕ್ಕೊಂದು ಉಪಾಯವಿದೆ. ಸಿಕ್ಕಷ್ಟನ್ನು ಹಿಡಿದು ಗುರುತು ಹಾಕಿ ಬಿಡುವುದು, ಕೆಲವು ದಿನ ಕಳೆದು ಮತ್ತೆ ಹಿಡಿಯುವುದು. ಆಗ ಗುರುತಿನವೇ ಹೆಚ್ಚಾಗಿ ಸಿಕ್ಕರೆ ಗುಂಪು ಚಿಕ್ಕದು, ಅಪರೂಪಕ್ಕೆ ಸಿಕ್ಕರೆ ದೊಡ್ಡದು. "ಗುರುತು ಚಿಪ್ಪಿನ ಅಡಿಗಿರಲಿ, ಮಣ್ಣಿನ ಬಣ್ಣದ್ದಿರಲಿ. ಹಕ್ಕಿ ಕಣ್ಣಿಗೆ ಬೀಳಬಾರದು" ಎಂದು ಮೇಡಂ ಒತ್ತಿ ಹೇಳಿದ್ದರು. ಅವರು ಕೊಟ್ಟ ಬಣ್ಣವೋ ಒಣಗಲು ಸತಾಯಿಸುವಂಥದ್ದು. ಗಡಿಬಿಡಿ ಕಾಯುವುದುಂಟೆ? ಅಕ್ಕನ ಕೆಂಪು ನೇಲ್ ಪಾಲಿಶ್ ತಂದು ಒಂದೊಂದರ ಬೆನ್ನಿಗೂ ಬಳಿದುಬಿಟ್ಟಳು. ಎಲ್ಲವೂ ಮದುವೆಗೆ ಹೊರಟ ಹಾಗಿವೆ ಎಂದು ತಾನೇ ನಕ್ಕಳು.

ಎರಡನೇ ಸಲ ಹಿಡಿದಾಗ ಗುರುತಿನವು ಒಂದೋ ಎರಡೋ. ಎಣಿಸಿ ಬಿಟ್ಟು ಹೊರಟವಳಿಗೆ ಗೋಡೆಯಾಚೆ ಟಕ್ ಟಕ್ ಸದ್ದು ಕೇಳಿಸಿತು. ಇಣುಕಿದಳು. ಹಕ್ಕಿಯೊಂದು ಬಸವನಹುಳುವನ್ನು ಚಪ್ಪಡಿ ಕಲ್ಲಿಗೆ ಕುಟ್ಟಿ ಒಡೆಯುತ್ತಿತ್ತು. ಸುತ್ತ ಚಿಪ್ಪಿನ ಚೂರುಗಳು, ಬಹುಪಾಲು ಕೆಂಪು. ಗುಂಪು ದೊಡ್ಡದೂ ಅಲ್ಲ, ಏನೂ ಅಲ್ಲ. ಹಕ್ಕಿ ಗುರುತಿನವನ್ನೇ ಆರಿಸಿ ತಿಂದಿತ್ತು, ಅದಕ್ಕೆ ತೋರಿಸಿಕೊಟ್ಟವಳು ಅವಳೇ.

ಹೇಳಲೆಂದೇ ಮೇಡಂ ಬಳಿ ಹೋದಳು. ಅವರು ಅಂಕಿ ಕೇಳಿ ಲೆಕ್ಕ ಹಾಕಿಯೇಬಿಟ್ಟರು. "ಅಬ್ಬಾ, ಇಷ್ಟೊಂದಾ! ಭೇಷ್ ಕಣೇ, ಎಷ್ಟು ಅಚ್ಚುಕಟ್ಟಾಗಿ ಮಾಡಿದ್ದೀಯ!" ಹುಟ್ಟಿದಾಗಿನಿಂದ ಬೈಸಿಕೊಂಡೇ ಬೆಳೆದವಳಿಗೆ ಅಚ್ಚುಕಟ್ಟು ಎಂಬ ಮಾತು! ನಾಳೆ ಹೇಳಿದರಾಯಿತು ಅಂದುಕೊಂಡಳು. ಥೂ, ಎಲ್ಲದಕ್ಕೂ ಅವಸರ ಮಾಡುವವಳು ಇದೊಂದಕ್ಕೆ ಸಾವಕಾಶ ಮಾಡಿದಳು.

ಮನೆಯಲ್ಲಿ ತಟ್ಟೆಯನ್ನು ಹಾಗೇ ಬಿಟ್ಟು ಎದ್ದಳು. "ಯಾಕೇ, ಹುಷಾರಿಲ್ವಾ?" ಎಂದು ಕೇಳಿದ ಅಕ್ಕನ ಮೇಲೆ ಸುಮ್ಮಸುಮ್ಮನೆ ಹರಿಹಾಯ್ದಳು. ಪಾಪ, ಅವಳೇನು ಮಾಡಿದ್ದಳು?

ಬೆಳಿಗ್ಗೆ ಕಾಲೇಜಿನ ಗೇಟಲ್ಲೇ ಮೇಡಂ ಸಿಕ್ಕರು. ನೇಲ್ ಪಾಲಿಶ್, ಹಕ್ಕಿ, ಚೂರುಗಳು, ಎಲ್ಲವನ್ನೂ ಒಂದೇ ಉಸಿರಿಗೆ ಒದರಿದಳು. ಇಬ್ಬರೂ ಗೋಡೆಯತ್ತ ಓಡಿದರು. ಮಾಲಿಯಣ್ಣ ಬಕೆಟ್ ಹಿಡಿದು ನಿಂತಿದ್ದ. ಬುಡದುದ್ದಕ್ಕೂ ಬಸವನಹುಳುಗಳು ಲೋಳೆ ಕಾರಿ ಸತ್ತು ಬಿದ್ದಿದ್ದವು.

"ನೀವು ಹೂಂ ಅಂದ ಮೇಲೆ ನಿನ್ನೆ ಸಂಜೆನೇ ಹಾಕಿದೆ ಮೇಡಂ" ಎಂದ. ವಿಷಯ ತಿಳಿದಾಗ ಅವನ ಮುಖವೂ ಸಣ್ಣದಾಯಿತು. "ಒಂದು ಮಾತು ಹೇಳಿದ್ರೆ ನಿಲ್ಲಿಸ್ತಿದ್ದೆನಲ್ಲಮ್ಮ. ಇಷ್ಟೇ ಅಂತ ನನಗೇನು ಗೊತ್ತು?"

ಅವಳಿಗೆ ಅಳು ಒತ್ತರಿಸಿ ಬಂತು. ಮೇಡಂ ಭುಜದ ಮೇಲೆ ಕೈಯಿಟ್ಟರು. "ಅಳಬೇಡ ಕಣೇ. ಗುರುತು ಹೇಗೆ ಹಾಕಿದ್ದೀಯ ಅಂತ ನಾನೂ ಬಂದು ನೋಡಬೇಕಿತ್ತು. ಗೊತ್ತಾದ ತಕ್ಷಣ ಬಂದು ಹೇಳಿದೆಯಲ್ಲ, ಅಷ್ಟು ಸಾಕು. ಈಗ ಬರುವಾಗ ತಾನೆ ಆ ಚೂರು ನೋಡಿದ್ದು?"

ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು. ಆ ಕೈ ಅಲ್ಲೇ ಇರುತ್ತಿತ್ತು.

"ಇಲ್ಲ ಮೇಡಂ. ನಿನ್ನೆ. ನಿಮಗೆ ಅಂಕಿ ಕೊಡೋಕೆ ಮುಂಚೆ."

ಮೇಡಂ ಅವಳ ಮುಖವನ್ನೇ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಭುಜದ ಮೇಲಿನ ಕೈ ತೆಗೆದುಕೊಂಡು ತರಗತಿಯ ಕಡೆ ನಡೆದರು.