ಕಮಲಾಪುರ ತಲುಪದ ಆದೇಶ

ಅಮರನಾಥ ತೀರಿಕೊಂಡು ಮೂರು ತಿಂಗಳಾಗಿತ್ತು. ಕಮಲಾಪುರದ ಬೀಜ ಸಂಘದ ಶಾಖೆಯಲ್ಲಿ ಅವರ ಕಂಪ್ಯೂಟರ್ ಮಾತ್ರ ದಿನಾ ಅವರ ಹೆಸರಿನಲ್ಲೇ ತೆರೆದುಕೊಳ್ಳುತ್ತಿತ್ತು.

"ಒಂದೂವರಿಗಿ ಬೀಗ ಹಾಕಿ ಊಟಕ್ಕ ಹೋಗ್ತೀವ್ರೀ. ಎರಡಕ್ಕ ಬಂದ್ರ ತೆರದಿರ್ತದ," ಎಂದು ಶಾಖೆಯ ಮ್ಯಾನೇಜರ್ ತುಕಾರಾಮ ಫೋನಿನಲ್ಲಿ ಹೇಳಿದಾಗ ಮದಿಹಾ ನಂಬಲಿಲ್ಲ. ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿದ್ದ ಮುಖ್ಯ ಕಚೇರಿಯಲ್ಲಿ ಕುಳಿತು ಎಲ್ಲ ಶಾಖೆಗಳ ಕಂಪ್ಯೂಟರ್ ನೋಡಿಕೊಳ್ಳುವವಳು ಅವಳೇ. ಅಮರನಾಥರ ಲಾಗಿನ್ ಅನ್ನು ಅವರು ತೀರಿದ ವಾರವೇ ರದ್ದು ಮಾಡಿದ್ದಳು.

"ರದ್ದು ಮಾಡಿದ್ದು ಅಲ್ಲಿಗಿ ಮುಟ್ಟಿಲ್ಲ ಕಾಣಸ್ತದ, ಪಾಸ್‌ವರ್ಡ್ ಯಾರಿಗೋ ಗೊತ್ತದ ಬಿಡ್ರಿ," ಎಂದು ಫೋನಿಟ್ಟು, ಮರುದಿನ ಬೆಳಿಗ್ಗೆ ಕಮಲಾಪುರದ ಬಸ್ಸು ಹತ್ತಿದಳು.

ರದ್ದತಿಯ ಆದೇಶ ಯಾಕೆ ತಲುಪಿಲ್ಲ ಎಂಬುದು ಅಲ್ಲಿ ಹೋದ ಒಂದು ತಾಸಿನಲ್ಲೇ ತಿಳಿಯಿತು. ಶಾಖೆಯಿಂದ ಕಲಬುರಗಿಗೆ ಬೇರೆ ಬೇರೆ ಗಾತ್ರದ ಪ್ಯಾಕೆಟ್, ಅಂದರೆ ಮಾಹಿತಿಯ ಕಟ್ಟು, ಕಳಿಸಿ ನೋಡಿದಳು. ಸಾವಿರದ ಮುನ್ನೂರ ಎಪ್ಪತ್ತೆರಡು ಬೈಟಿನದಕ್ಕೆ ಉತ್ತರ ಬಂತು. ಒಂದೇ ಒಂದು ಬೈಟು ಹೆಚ್ಚಿಸಿದರೆ ಇಲ್ಲ. ಮೂರು ತಿಂಗಳ ಹಿಂದೆ ಹೊಸದಾಗಿ ಹಾಕಿದ ಇಂಟರ್ನೆಟ್ ಲೈನು ಅದಕ್ಕಿಂತ ದೊಡ್ಡದನ್ನು ಒಯ್ಯುತ್ತಿರಲಿಲ್ಲ. ದಾರಿಯಲ್ಲೇ ಸದ್ದಿಲ್ಲದೆ ಬಿಟ್ಟುಬಿಡುತ್ತಿತ್ತು. ಚಿಕ್ಕಪುಟ್ಟ ಸಂದೇಶಗಳು ಓಡಾಡುತ್ತಿದ್ದುದರಿಂದ ಕಲಬುರಗಿಯಲ್ಲಿ ಕುಳಿತವರಿಗೆ ಎಲ್ಲವೂ ಸರಿಯಾಗಿ ಕಾಣುತ್ತಿತ್ತು. ದೊಡ್ಡ ಆದೇಶಗಳು ಮಾತ್ರ ಮೂರು ತಿಂಗಳಿಂದ ಇಲ್ಲಿಗೆ ಬಂದೇ ಇರಲಿಲ್ಲ. ಆದೇಶ ಸಿಗದ ಕಂಪ್ಯೂಟರ್ ಹಳೆಯ ಪಾಸ್‌ವರ್ಡನ್ನೇ ನೆನಪಿಟ್ಟುಕೊಂಡು ಒಳಗೆ ಬಿಡುತ್ತಿತ್ತು.

ದೊಡ್ಡ ಆದೇಶಗಳು ಚಿಕ್ಕ ತುಂಡುಗಳಾಗಿ ಬರುವಂತೆ ಮದಿಹಾ ರೌಟರಿನಲ್ಲಿ ಪ್ಯಾಕೆಟ್ಟಿನ ಗಾತ್ರದ ಮಿತಿ ಇಳಿಸಿದಳು. ಕಂಪ್ಯೂಟರುಗಳು ಒಂದೊಂದಾಗಿ ಆದೇಶ ತೆಗೆದುಕೊಳ್ಳತೊಡಗಿದವು.

ಅಷ್ಟರಲ್ಲಿ ಊಟದ ಹೊತ್ತಾಯಿತು. ತುಕಾರಾಮ ಉಳಿದವರನ್ನು ಕರೆದುಕೊಂಡು ಹೊರಟ. ಇಪ್ಪತ್ತು ವರ್ಷದಿಂದ ಅಲ್ಲಿ ಕಸ ಗುಡಿಸಿ, ಚಹಾ ಕೊಡುತ್ತಿದ್ದ ಶಿವಕಾಂತಮ್ಮ ಮದಿಹಾಳ ಜೊತೆಗೆ ಉಳಿದಳು. ಮದಿಹಾ ಅಮರನಾಥರ ಕುರ್ಚಿಯ ಪಕ್ಕ ಸ್ಟೂಲು ಎಳೆದುಕೊಂಡು ಕೂತಳು. ಯಾರೂ ಮುಟ್ಟದಿರಲಿ ಎಂದು ಕೀಬೋರ್ಡ್ ಕಿತ್ತು ಮಡಿಲಲ್ಲಿ ಇಟ್ಟುಕೊಂಡಳು.

ಒಂದೂವರೆಗೆ ಪರದೆಯಲ್ಲಿ ಅಮರನಾಥರ ಹೆಸರು ಬಂತು. ಪಾಸ್‌ವರ್ಡಿನ ಜಾಗದಲ್ಲಿ ಒಂದು ಚುಕ್ಕೆ ಮೂಡಿತು. ಸ್ವಲ್ಪ ತಡೆದು ಇನ್ನೊಂದು.

ಮದಿಹಾ ಮಡಿಲು ನೋಡಿಕೊಂಡಳು. ಕೀಬೋರ್ಡಿನ ತಂತಿ ನೆಲದ ಮೇಲೆ ಬಿದ್ದಿತ್ತು.

"ಹಿಂಗ ರೀ, ಒಂದ ಬೆರಳಿಲೆ ಒತ್ತತಿದ್ರು," ಎಂದಳು ಶಿವಕಾಂತಮ್ಮ ಮೆಲ್ಲಗೆ.

ಎಂಟು ಚುಕ್ಕೆ ತುಂಬಿದವು. 'ಈ ಲಾಗಿನ್ ರದ್ದಾಗಿದೆ' ಎಂದು ಬಂತು. ಮತ್ತೆ ಮೊದಲಿನಿಂದ ಚುಕ್ಕೆಗಳು, ಮತ್ತೆ ಅದೇ ಉತ್ತರ. ಮೂರನೆಯ ಸಲ ಚುಕ್ಕೆಗಳು ಅವಸರದಲ್ಲಿ ಬರತೊಡಗಿದವು. ಮದಿಹಾ ಸ್ಟೂಲನ್ನು ಹಿಂದಕ್ಕೆ ಸರಿಸಿದಳು.

ಶಿವಕಾಂತಮ್ಮ ಸೆರಗು ತಲೆಯ ಮೇಲೆ ಹೊದ್ದು ಕುರ್ಚಿಯ ಹತ್ತಿರ ಬಂದಳು.

"ಸಾಹೇಬ್ರ, ಸಾಕ್ರೀ. ನೀವು ತೀರಿ ಮೂರ್ ತಿಂಗಳಾತು. ನಿಮ್ಮ ಕೆಲಸ ಸುಮಂಗಲಾಗ ಕೊಟ್ಟಾರ. ಚೊಲೊ ಮಾಡಾಕತ್ಯಾಳ, ಏನೂ ಬಾಕಿ ಉಳಿದಿಲ್ಲ."

ಐದನೆಯ ಚುಕ್ಕೆಗೆ ನಿಂತಿತು. ಬಹಳ ಹೊತ್ತಿನ ಮೇಲೆ ಚುಕ್ಕೆಗಳು ಹಿಂದಿನಿಂದ ಒಂದೊಂದಾಗಿ ಅಳಿಸಿಹೋದವು. ಹೆಸರೂ ಹೋಯಿತು.

ಎರಡಕ್ಕೆ ಬಂದ ತುಕಾರಾಮ, "ಏನಾಗಿತ್ರೀ ಮೇಡಂ?" ಎಂದು ಕೇಳಿದ. ಮದಿಹಾ ಲೈನಿನ ಬಗ್ಗೆ, ಪ್ಯಾಕೆಟ್ಟಿನ ಬಗ್ಗೆ ಬೇಕಾದ್ದಕ್ಕಿಂತ ಹೆಚ್ಚೇ ವಿವರಿಸಿದಳು. ಶಿವಕಾಂತಮ್ಮ ಚಹಾ ತರಲು ಒಳಗೆ ಹೋಗಿದ್ದಳು.

ಮರುದಿನ ಕಲಬುರಗಿಯಲ್ಲಿ ಒಂದೂವರೆಗೆ ಮದಿಹಾ ಕಮಲಾಪುರದ ಲಾಗಿನ್ ದಾಖಲೆ ತೆರೆದು ಕೂತಳು. ಯಾರೂ ಒಳಬರಲು ಯತ್ನಿಸಿರಲಿಲ್ಲ. ಆದರೂ ಎರಡು ಹೊಡೆಯುವವರೆಗೆ ಅವಳು ಊಟದ ಡಬ್ಬಿ ಬಿಚ್ಚಲಿಲ್ಲ.