ಸೋಮವಾರದ ಪಾನಕ

ಮಹಾಂತೇಶ ಆ ಎನರ್ಜಿ ಡ್ರಿಂಕಿನ ತಗಡಿನ ಡಬ್ಬಿಯನ್ನು ನನ್ನ ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟ ಕೂಡಲೇ ನನಗೆ ರೇಗಿತು. ಇಷ್ಟೇ ಇಷ್ಟುದ್ದದ ಡಬ್ಬಿ, ಅದರ ದುಡ್ಡಿಗೆ ನಮ್ಮ ಮನೆಗೆ ವಾರದ ಸೊಪ್ಪು ತರಕಾರಿ ಬರುತ್ತದೆ.

"ಇದನ್ನ ಕುಡಿದ್ರ ಭಾಳ ಶಕ್ತಿ ಬರ್ತೈತಂತ್ರಿ ಸಪ್ಪಲಮ್ಮಾರ. ಅಂಗಡ್ಯಾಗ ಎಲ್ಲಾರೂ ಹೇಳಿದ್ರು" ಎಂದ.

"ಶಕ್ತಿ ಅಲ್ಲ, ನಿನ್ ತಲೆ! ಮೊನ್ನೆ ಒಂದು ಕುಡಿಸಿದ್ಯಲ್ಲ, ಪಾಪ, ಅವಳು ಎದೆ ಡವಡವ ಅಂತಿದೆ ಅಂತ ಬೆಳಗಿನ ತನಕ ಕೂತೇ ಇದ್ಳು. ಎತ್ತಿಡು ಅದನ್ನ!"

'ಅವಳು' ಎಂದರೆ ಅವನ ಹೆಂಡತಿ ಮಧುಮತಿ. ಜರಗನಹಳ್ಳಿಯ ನಮ್ಮ ಮನೆಯ ಮಹಡಿಯಲ್ಲಿ ಇಬ್ಬರೂ ಬಾಡಿಗೆಗಿದ್ದಾರೆ. ಮುಧೋಳದ ಕಡೆಯವರು. ಅವನು ಜೆ.ಪಿ. ನಗರದ ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಅವಳಿಗೆ ಪೊಲೀಸ್ ಕಾನ್‌ಸ್ಟೇಬಲ್ ಆಗುವ ಹುಚ್ಚು. ಪರೀಕ್ಷೆ ಬರೆದು ಪಾಸಾಗುತ್ತಾಳೆ, ಓಟದಲ್ಲಿ ಹಿಂದೆ ಬೀಳುತ್ತಾಳೆ. ಎರಡು ಸಲ ಹಾಗೇ ಆಯಿತು. ಈ ಸಲ ತಪ್ಪಿದರೆ ವಯಸ್ಸು ಮೀರಿತು, ಮತ್ತೆ ಅರ್ಜಿ ಹಾಕುವ ಹಾಗೇ ಇಲ್ಲ.

ಅದಕ್ಕೇ ನಾನು ಪಟ್ಟು ಹಿಡಿದು ಕೂತಿದ್ದೆ. ದಿನಾ ಬೆಳಿಗ್ಗೆ ಓಡಿ ಬಂದವಳ ಕೈಗೆ ಒಂದು ಚೊಂಬು ರಾಗಿ ಅಂಬಲಿ ಕೊಡುತ್ತಿದ್ದೆ, ಮಜ್ಜಿಗೆ ಬೆರೆಸಿ, ಈರುಳ್ಳಿ ಹೆಚ್ಚಿ ಹಾಕಿ. ಜೋಳದ ಸೀಮೆಯ ಹುಡುಗಿ, ರಾಗಿ ಅಂದರೆ ಮೊದಮೊದಲು ಮೂಗು ಮುರಿದಳು. ಆಮೇಲೆ ತಾನೇ ಚೊಂಬು ಹಿಡಿದು ಕೆಳಗಿಳಿದು ಬರತೊಡಗಿದಳು. ಮುಖಕ್ಕೆ ಕಳೆ ಬಂತು, ಕಾಲಿಗೆ ಕಸುವು ಬಂತು. ನನಗೋ, ನಾನೇ ಓಡಿ ಗೆದ್ದಷ್ಟು ಜಂಬ.

ಆದರೆ ಓಟಕ್ಕೆ ಕರೆ ಬಂದದ್ದು ಶ್ರಾವಣದ ಸೋಮವಾರಕ್ಕೆ. ಕೆಲಸ ಸಿಗಲಿ ಅಂತಲೇ ಮಧುಮತಿ ಶ್ರಾವಣ ಸೋಮವಾರದ ಉಪವಾಸ ಹಿಡಿದಿದ್ದಳು. ಸಂಜೆ ಪೂಜೆ ಮುಗಿಯುವವರೆಗೂ ಊಟವಿಲ್ಲ.

"ಅಯ್ಯೋ ನಿನ್ನ! ಖಾಲಿ ಹೊಟ್ಟೇಲಿ ಓಡ್ತೀಯಾ? ಪಾನಕನಾದ್ರೂ ಕುಡೀಬಹುದಾ?"

"ಅದು ನಡೀತೈತ್ರಿ" ಎಂದಳು.

ಅಷ್ಟು ಸಾಕಾಯಿತು ನನಗೆ. ಬೆಲ್ಲ ಕುಟ್ಟಿ ಕರಗಿಸಿದೆ, ಹಿತ್ತಲಿನ ನಿಂಬೆಹಣ್ಣು ಹಿಂಡಿದೆ, ಶುಂಠಿ ಜಜ್ಜಿದೆ. ದೊಡ್ಡ ಬಾಟಲಿಗೆ ತುಂಬಿಸಿಕೊಂಡು ಅವರ ಜೊತೆ ನಾನೂ ಆಟೋ ಹತ್ತಿದೆ.

ಮೈದಾನದ ಬೇಲಿಯ ಹೊರಗೆ ನಾವು, ಒಳಗೆ ಹುಡುಗಿಯರ ಸಾಲು. ಶ್ರಾವಣದಲ್ಲೂ ಬಿಸಿಲು ಸುಡುತ್ತಿತ್ತು. ಒಬ್ಬಳು ತಲೆ ಸುತ್ತಿ ಬಿದ್ದಳು. ಮಧುಮತಿಯ ತಂಡದ ಸರದಿ ಹತ್ತಿರ ಬಂತು. ತುಟಿ ಒಣಗಿಸಿಕೊಂಡು ಬೇಲಿಯ ಹತ್ತಿರ ಬಂದಳು. ನಾನು ಲೋಟಕ್ಕೆ ಪಾನಕ ಬಗ್ಗಿಸಿ ಕೊಟ್ಟೆ.

"ಇದರಾಗ ಉಪ್ಪು ಹಾಕಿಲ್ಲಲ್ರಿ ಅಮ್ಮಾ?" ಎಂದ ಮಹಾಂತೇಶ.

ಬೆವರುವವರಿಗೆ ಉಪ್ಪಿಲ್ಲದ ಪಾನಕ ಯಾರು ಕೊಡುತ್ತಾರೆ! ನಮ್ಮ ಮನೆಯಲ್ಲಿ ಉಪವಾಸ ಎಂದರೆ ಅನ್ನ ಬಿಡುವುದು, ಅಷ್ಟೇ. ಅವತ್ತು ಉಪ್ಪಿಟ್ಟು, ಅವಲಕ್ಕಿ ಹೊಟ್ಟೆ ತುಂಬ ತಿನ್ನುತ್ತೇವೆ. ಇವರ ಮನೆಯಲ್ಲಿ ಉಪ್ಪೇ ಮುಟ್ಟಬಾರದೆಂದು ನನಗೆ ಕನಸು ಬಿದ್ದಿತ್ತೇ?

ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ. "ಹಾಕಿದೀನಪ್ಪಾ" ಎಂದೆ.

ಮಧುಮತಿ ಲೋಟ ನೋಡಿದಳು. ಒಳಗೆ ಅವಳ ತಂಡವನ್ನು ಕೂಗಿದರು. ಗಟಗಟನೆ ಅಷ್ಟನ್ನೂ ಕುಡಿದು, ಲೋಟ ನನ್ನ ಕೈಗಿಟ್ಟು ಓಡಿದಳು.

"ವ್ರತ ಕೆಟ್ತಲ್ರಿ! ಇನ್ನ ಆಕೀಗೆ ಕೆಲಸ ಸಿಕ್ಕಂಗ" ಎಂದು ಮಹಾಂತೇಶ ಫುಟ್‌ಪಾತ್ ಮೇಲೆ ಕುಕ್ಕರಿಸಿದ.

"ಬಿಡ್ತು ಅನ್ನು! ನಿಮ್ ಶಿವ ಏನು ಚಿಟಿಕೆ ಉಪ್ಪಿಗೆ ಸಿಟ್ಟಾಗೋನಾ?" ಎಂದು ಗದರಿದೆ. ಆದರೆ ಅವಳು ಸೋತರೆ ಇವನು ಜನ್ಮಪೂರ್ತಿ ಆ ಉಪ್ಪನ್ನೇ ಹೇಳುತ್ತಾನೆ. ಇವನು ಹೇಳದಿದ್ದರೂ ನನ್ನ ಮನಸ್ಸು ಹೇಳುತ್ತದೆ. ಮೈದಾನದ ಕಡೆ ನೋಡಲು ಧೈರ್ಯ ಸಾಲದೆ ಎದುರಿಗಿದ್ದ ಸೈಕಲ್ ಅಂಗಡಿಯನ್ನೇ ನೋಡುತ್ತಾ ನಿಂತೆ. ಒಳಗೆ ಸೀಟಿ ಊದಿದರು, ಯಾರೋ ಕಿರುಚಿದರು, ಮತ್ತೆ ಸುಮ್ಮನಾಯಿತು.

"ಅಮ್ಮಾ!"

ತಿರುಗಿದರೆ ಮೊಣಕಾಲತನಕ ಧೂಳು ಮೆತ್ತಿಕೊಂಡು ಮಧುಮತಿ. "ಪಾಸ್ ಆಗೀನ್ರಿ ಅಮ್ಮಾ! ಟೈಮಿನೊಳಗ ಮುಟ್ಟೀನಿ!"

ಬೇಲಿಯ ಮೇಲಿಂದಲೇ ಅವಳನ್ನು ತಬ್ಬಿಕೊಂಡು ಗೊಳೋ ಎಂದು ಅತ್ತುಬಿಟ್ಟೆ. ನಾಚಿಕೆಯೂ ಆಗಲಿಲ್ಲ.

ಮಹಾಂತೇಶನಿಗೆ ಖುಷಿಯೋ ಭಯವೋ ತಿಳಿಯದ ಮುಖ. "ಆದ್ರ ವ್ರತ, ಮಧು?" ಎಂದ ಮೆಲ್ಲಗೆ.

ಅವಳು ಹಣೆಯ ಬೆವರು ಒರೆಸಿಕೊಂಡು ಅವನ ಮುಖವನ್ನೇ ನೋಡಿದಳು.

"ಶಿವಗ ನಾ ಹೇಳ್ಕೋತೀನಿ, ನೀವು ಸುಮ್ನಿರ್ರಿ. ಸೋಮವಾರ ಮುಂದಿನ ವಾರಾನೂ ಬರ್ತೈತಿ. ಈ ಓಟ ಮತ್ತ ಬರ್ತಿತ್ತೇನು?"